ಪ್ಯಾಕೆಟ್ ಎಲ್ಲಿ ಕಳೆಯಿತು? ವೇಗದ ಜಾಲಗಳ ಪರೀಕ್ಷೆಯಲ್ಲಿ ನಷ್ಟದ ಲೆಕ್ಕ

ದತ್ತಿ ಉಪನ್ಯಾಸದ ಪಠ್ಯ



2012ರಲ್ಲಿ ಅಮೆರಿಕದ ಇಂಧನ ಇಲಾಖೆಗೆ ಸೇರಿದ ಸಂಶೋಧನಾ ಜಾಲ ಈಎಸ್‌ನೆಟ್‌ನಲ್ಲಿ ಒಂದು ರೂಟರಿನ ಲೈನ್ ಕಾರ್ಡು ಕೆಡತೊಡಗಿತು. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸಬೇಕಾದ ಕಾರ್ಡು ಅದು. ಪೂರ್ತಿ ಕೆಟ್ಟು ನಿಂತಿದ್ದರೆ ಕೂಡಲೇ ಬದಲಿಸಿಬಿಡುತ್ತಿದ್ದರು, ಅದು ನಿಲ್ಲಲಿಲ್ಲ. 22,000 ಪ್ಯಾಕೆಟ್‌ಗಳಿಗೆ ಒಂದನ್ನು ಬೀಳಿಸಿ ಮಿಕ್ಕೆಲ್ಲವನ್ನೂ ಸರಿಯಾಗಿ ದಾಟಿಸುತ್ತಿತ್ತು. ಇಂಥ ಕಾರ್ಡು ತುಂಬಿ ಹರಿಯುವಾಗ ಅದರ ಮೂಲಕ ಸೆಕೆಂಡಿಗೆ ಸುಮಾರು 8,12,744 ಪೂರ್ಣಗಾತ್ರದ ಫ್ರೇಮ್‌ಗಳು (ತಂತಿಗಾಗಿ ಹೊದಿಕೆ ತೊಟ್ಟ ಪ್ಯಾಕೆಟ್‌ಗಳು) ಹೋಗುತ್ತವೆ. ಅವುಗಳಲ್ಲಿ ಕಳೆಯುವುದು 37. ಬಿಟ್‌ಗಳಲ್ಲಿ ಹೇಳುವುದಾದರೆ 10 ಗಿಗಾಬಿಟ್‌ನಲ್ಲಿ ಅರ್ಧ ಮೆಗಾಬಿಟ್‌ಗೂ ಕಡಿಮೆ, ಶೇಕಡಾ 0.0046. ರೂಟರಿನ ಒಳಗಿನ ದೋಷ ನಿಗಾವ್ಯವಸ್ಥೆ ಇದನ್ನು ವರದಿ ಮಾಡಲೇ ಇಲ್ಲ. ಆದರೆ ಆ ಕಾರ್ಡನ್ನು ಹಾದು ದೂರದ ಊರುಗಳಿಗೆ ಹೋಗುವ ದತ್ತಾಂಶದ ವೇಗ ಮಾತ್ರ ನೆಲಕಚ್ಚಿತ್ತು. ಕೊನೆಗೆ ದೋಷವನ್ನು ಹಿಡಿದದ್ದು, ಜಾಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣ ಪರೀಕ್ಷಾ ಪ್ಯಾಕೆಟ್‌ಗಳನ್ನು ಬಿಡುವಿಲ್ಲದೆ ಕಳಿಸಿ ಎಣಿಸುತ್ತಿದ್ದ ಒವ್ಯಾಂಪ್ ಎಂಬ ಉಪಕರಣ. ಸೈನ್ಸ್ ಡಿಎಂಝಡ್ ಎಂಬ ಜಾಲವಿನ್ಯಾಸವನ್ನು ವಿವರಿಸುವ 2013ರ ಪ್ರಬಂಧದಲ್ಲಿ ಈ ಪ್ರಕರಣ ದಾಖಲಾಗಿದೆ. ಇವತ್ತಿನ ನನ್ನ ವಾದಕ್ಕೆ ಇದು ಮೊದಲ ಸಾಕ್ಷಿ. ವಾದ ಇಷ್ಟೇ: ವೇಗದ ಜಾಲವನ್ನು ಪರೀಕ್ಷಿಸಿ ‘ಇಷ್ಟು ಶೇಕಡಾ ಪ್ಯಾಕೆಟ್ ನಷ್ಟ’ ಎಂದು ಬರೆದಾಗ ನಾವು ಒಂದು ಪ್ರಶ್ನೆಯನ್ನು ಬರೆದಿರುತ್ತೇವೆ. ಎಲ್ಲಿ ಕಳೆಯಿತು ಎಂಬುದು ತಿಳಿಯುವ ತನಕ ಆ ಸಂಖ್ಯೆಯಿಂದ ಜಾಲದ ಬಗ್ಗೆ ತೀರ್ಪು ಕೊಡುವ ಹಕ್ಕು ನಮಗೆ ಬರುವುದಿಲ್ಲ. ಅಳೆಯುವ ಯಂತ್ರವೂ ಆ ದಾರಿಯಲ್ಲೇ ಕೂತಿದೆ. ಅದೂ ಪ್ಯಾಕೆಟ್‌ಗಳನ್ನು ಬೀಳಿಸುತ್ತದೆ.

ಮೊದಲು, ಇಷ್ಟು ಚಿಕ್ಕ ನಷ್ಟಕ್ಕೆ ಅಷ್ಟು ದೊಡ್ಡ ಪೆಟ್ಟು ಏಕೆ ಎಂಬುದನ್ನು ನೋಡೋಣ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಜಾಲದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಅದರ ಕಾರಣ ಹುಡುಕುತ್ತ ಹೋದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಜಾಲದಲ್ಲಿ ದತ್ತಾಂಶ ಸಾಗಿಸುವ ಟಿಸಿಪಿ ಎಂಬ ನಿಯಮಾವಳಿಯ ನಡತೆಯನ್ನೇ ಬದಲಿಸಿತು. ತಂತಿಯಲ್ಲಿ ಕೆಟ್ಟು ಕಳೆಯುವ ಪ್ಯಾಕೆಟ್‌ಗಳು ತೀರ ವಿರಳ, ಆದ್ದರಿಂದ ಪ್ಯಾಕೆಟ್ ಕಳೆಯಿತೆಂದರೆ ಮುಂದೆ ದಟ್ಟಣೆ ಇದೆ ಎಂದೇ ತಿಳಿದು ಕಳಿಸುವವನು ವೇಗ ತಗ್ಗಿಸಬೇಕು ಎಂಬುದು ಅದರ ಆಧಾರಸೂತ್ರ. ಸೂತ್ರ ಜಾಲವನ್ನು ಉಳಿಸಿತು. ಆದರೆ ದಟ್ಟಣೆಯಿಲ್ಲದ ಜಾಗದಲ್ಲಿ ಕೆಟ್ಟ ಕಾರ್ಡೊಂದು ಪ್ಯಾಕೆಟ್ ಬೀಳಿಸಿದರೂ ಟಿಸಿಪಿ ಅದನ್ನು ದಟ್ಟಣೆ ಎಂದೇ ಓದುತ್ತದೆ, ಖಾಲಿ ದಾರಿಯಲ್ಲೂ ನಿಧಾನವಾಗುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಇದನ್ನು ಒಂದು ಸಮೀಕರಣಕ್ಕೆ ಇಳಿಸಿದರು: ಸಿಗುವ ವೇಗ ಪ್ಯಾಕೆಟ್ ಗಾತ್ರಕ್ಕೆ ಅನುಪಾತದಲ್ಲಿರುತ್ತದೆ, ಹೋಗಿಬರುವ ಕಾಲಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮದಲ್ಲಿರುತ್ತದೆ. 22,000ಕ್ಕೆ ಒಂದು ಎಂಬ ನಷ್ಟವನ್ನು ಇದರಲ್ಲಿಟ್ಟು ನೋಡಿ. ಹೋಗಿಬರಲು 1 ಮಿಲಿಸೆಕೆಂಡ್ ಸಾಕಾಗುವ ಹತ್ತಿರದ ಕಂಪ್ಯೂಟರಿಗೆ 2 ಗಿಗಾಬಿಟ್‌ನಷ್ಟು ವೇಗ ಸಿಗುತ್ತದೆ; 100 ಮಿಲಿಸೆಕೆಂಡ್ ಬೇಕಾಗುವ ದೂರದ ಕಂಪ್ಯೂಟರಿಗೆ ಸಿಗುವುದು 21 ಮೆಗಾಬಿಟ್. ಕಾರ್ಡು ಒಂದೇ, ದೋಷ ಒಂದೇ, ಪೆಟ್ಟು ಮಾತ್ರ ದೂರದವರಿಗೆ ನೂರು ಪಟ್ಟು. ಪಕ್ಕದಲ್ಲಿ ಕೂತು ಪರೀಕ್ಷಿಸಿದವರು ‘ಚೆನ್ನಾಗಿದೆ’ ಎನ್ನುವುದೂ, ಖಂಡದ ಆಚೆಯಿಂದ ದೂರು ಬರುವುದೂ ಏಕಕಾಲಕ್ಕೆ ನಿಜವಾಗಿರುವುದು ಹೀಗೆ.

ಸ್ಯಾಲಿ ಫ್ಲಾಯ್ಡ್ 2003ರಲ್ಲಿ ಬರೆದ ಆರ್‌ಎಫ್‌ಸಿ 3649 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆ ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1500 ಬೈಟ್‌ನ ಪ್ಯಾಕೆಟ್, 100 ಮಿಲಿಸೆಕೆಂಡಿನ ದಾರಿ, ಹಳೆಯ ಟಿಸಿಪಿ. ಇವಿಷ್ಟನ್ನು ಇಟ್ಟುಕೊಂಡು ಸೆಕೆಂಡಿಗೆ 10 ಗಿಗಾಬಿಟ್ ಮುಟ್ಟಬೇಕಾದರೆ 500 ಕೋಟಿ ಪ್ಯಾಕೆಟ್‌ಗೆ ಒಂದಕ್ಕಿಂತ ಹೆಚ್ಚು ಸಲ ನಷ್ಟ ಆಗಕೂಡದು, ಎಂದರೆ ಒಂದು ಗಂಟೆ ನಲವತ್ತು ನಿಮಿಷಕ್ಕೆ ಒಂದು ಸಲ. ಇದಕ್ಕೆ ಈಗಿನ ಎಂಜಿನಿಯರುಗಳ ತಕರಾರು ಇದೆ, ಅದು ಹಗುರವಾದದ್ದೂ ಅಲ್ಲ: ಆ ಟಿಸಿಪಿಯನ್ನು ಈಗ ಯಾರು ಬಳಸುತ್ತಾರೆ? ಲಿನಕ್ಸ್ 2006ರಲ್ಲೇ ಹೊಸ ಟಿಸಿಪಿ ವಿಧಾನವಾದ ಕ್ಯೂಬಿಕ್‌ಗೆ ಹೋಯಿತು. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ಅಂತೂ ಒಂಟಿ ನಷ್ಟವನ್ನು ದಟ್ಟಣೆಯ ಸೂಚನೆ ಎಂದು ತೆಗೆದುಕೊಳ್ಳುವುದೇ ಇಲ್ಲ. ಹಾಗಿದ್ದ ಮೇಲೆ ಸಾವಿರಕ್ಕೆ ಒಂದು ಹೋದರೇನು? ಹೊಸ ವಿಧಾನಗಳು ನಷ್ಟವನ್ನು ಸಹಿಸುತ್ತವೆ, ಒಪ್ಪಿದೆ. ಬಳಕೆದಾರರಿಗೆ ಅದು ವರವೂ ಹೌದು. ಆದರೆ ಎಲ್ಲ ಸಂಚಾರವೂ ಟಿಸಿಪಿ ಅಲ್ಲ. ಡೇಟಾ ಸೆಂಟರುಗಳಲ್ಲಿ ಸ್ಮೃತಿಯಿಂದ ಸ್ಮೃತಿಗೆ ನೇರವಾಗಿ ಬರೆಯುವ ರೋಸ್‌ನಂಥ ವಿಧಾನಗಳಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದರ ಹಿಂದಿನ ಸಾಲೆಲ್ಲ ಮತ್ತೆ ಬರಬೇಕಾದ ಏರ್ಪಾಡು ಬಹಳ ಕಾಲ ಇತ್ತು. ಟೆಲಿಸ್ಕೋಪಿನಿಂದ ಮರುಕಳಿಕೆಯ ಏರ್ಪಾಡಿಲ್ಲದ ಯುಡಿಪಿ ನಿಯಮದಲ್ಲಿ ಹರಿದುಬರುವ ದತ್ತಾಂಶವನ್ನು ಮರಳಿ ಕಳಿಸು ಎಂದು ಕೇಳುವಂತೆಯೇ ಇಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಹಿಸುವುದು ಬಳಕೆಯ ಗುಣ, ಕಾಣುವುದು ಪರೀಕ್ಷೆಯ ಕೆಲಸ. ನಷ್ಟವನ್ನು ನುಂಗಿಕೊಳ್ಳುವ ವಿಧಾನವನ್ನೇ ಅಳತೆಗೋಲು ಮಾಡಿಕೊಂಡರೆ ಕೆಟ್ಟ ಕಾರ್ಡು ಇನ್ನಷ್ಟು ಕಾಲ ಅಲ್ಲೇ ಕೂತಿರುತ್ತದೆ.

ಈಗ ಅಳೆಯುವ ಯಂತ್ರದ ಕಡೆ ತಿರುಗೋಣ. ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಫ್ರೇಮ್ 64 ಬೈಟ್. ಮುನ್ಸೂಚನೆಯ 8 ಬೈಟ್, ಎರಡು ಫ್ರೇಮ್‌ಗಳ ನಡುವಿನ ಅಂತರದ 12 ಬೈಟ್ ಸೇರಿ ತಂತಿಯ ಮೇಲೆ 84 ಬೈಟ್‌ನ ಜಾಗ. 10 ಗಿಗಾಬಿಟ್ ತಂತಿಯಲ್ಲಿ ಇಂಥವು ಸೆಕೆಂಡಿಗೆ 1 ಕೋಟಿ 48 ಲಕ್ಷ 80 ಸಾವಿರ ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ 67.2 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಅಷ್ಟು ಹೊತ್ತಿನಲ್ಲಿ ಸುಮಾರು 200 ಹೆಜ್ಜೆ ಇಡಬಲ್ಲದು. ಬೇಕಾದ ದತ್ತಾಂಶ ಕ್ಯಾಶ್‌ನಲ್ಲಿ ಇಲ್ಲದೆ ಒಂದು ಸಲ ಮುಖ್ಯ ಸ್ಮೃತಿಗೆ ಹೋಗಿಬಂದರೆ ಆ ಕಾಲ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. 100 ಗಿಗಾಬಿಟ್ ಆದರೆ ಬಿಡುವು 6.72 ನ್ಯಾನೋಸೆಕೆಂಡಿಗೆ, ಹೆಜ್ಜೆಗಳು ಇಪ್ಪತ್ತಕ್ಕೆ ಇಳಿಯುತ್ತವೆ. ಸಾಮಾನ್ಯ ಸರ್ವರಿನ ಮೇಲೆ ಸಾಮಾನ್ಯ ತಂತ್ರಾಂಶ ಓಡಿಸಿ ಸಿಕ್ಕ ನಷ್ಟದ ಸಂಖ್ಯೆಯನ್ನು ಸ್ವಿಚ್ಚಿನ ತಲೆಗೆ ಕಟ್ಟುವ ಮೊದಲು ಈ ಗಣಿತವನ್ನು ಎದುರಿಗಿಟ್ಟುಕೊಳ್ಳಬೇಕು. ಪರೀಕ್ಷಾ ತಂತ್ರಾಂಶ ಕೊಡುವ ನಷ್ಟ ಎಂದರೆ ಎರಡು ಎಣಿಕೆಗಳ ನಡುವಿನ ವ್ಯತ್ಯಾಸ: ಕಳಿಸುವ ಪ್ರೋಗ್ರಾಂ ತಾನು ಬರೆದೆ ಎಂದುಕೊಂಡದ್ದು ಒಂದು, ಪಡೆಯುವ ಪ್ರೋಗ್ರಾಂ ತಾನು ಓದಿದೆ ಎಂದುಕೊಂಡದ್ದು ಇನ್ನೊಂದು. ಆ ಎರಡು ಎಣಿಕೆಗಳ ನಡುವೆ ಇರುವುದು ಸ್ವಿಚ್ಚು, ತಂತಿಗಳಷ್ಟೇ ಅಲ್ಲ. ಎರಡು ಆಪರೇಟಿಂಗ್ ಸಿಸ್ಟಂಗಳು, ಎರಡು ಜಾಲಕಾರ್ಡುಗಳು, ಎರಡು ಪಿಸಿಐ ಬಸ್ಸುಗಳು, ಹತ್ತಾರು ಬಫರುಗಳು.

ಪಡೆಯುವ ಯಂತ್ರದ ಒಳಗೆ ಸ್ವಲ್ಪ ನಿಧಾನವಾಗಿ ನಡೆಯೋಣ, ಏಕೆಂದರೆ ಹೆಚ್ಚಿನ ‘ಜಾಲದ ನಷ್ಟ’ ಸಿಗುವುದು ಇಲ್ಲಿ. ತಂತಿಯಿಂದ ಬಂದ ಫ್ರೇಮ್ ಮೊದಲು ಕಾರ್ಡಿನ ಮೇಲಿನ ಪುಟ್ಟ ಸ್ಮೃತಿಯಲ್ಲಿ ಇಳಿಯುತ್ತದೆ. ಅಲ್ಲಿಂದ ಪಿಸಿಐ ಬಸ್ಸಿನ ಮೂಲಕ ಕಂಪ್ಯೂಟರಿನ ಸ್ಮೃತಿಗೆ ಹೋಗಬೇಕು. ಮೂರನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಎಂಟು ಪಥದ ಸ್ಲಾಟು ಸುಮಾರು 63 ಗಿಗಾಬಿಟ್ ಸಾಗಿಸಬಲ್ಲದು. ಅದರಲ್ಲಿ 100 ಗಿಗಾಬಿಟ್ ಕಾರ್ಡು ಕೂರಿಸಿದರೆ ಮಿಕ್ಕದ್ದು ಬೀಳಲೇಬೇಕು. ಹದಿನಾರು ಪಥದಂತೆ ಕಾಣುವ ಸ್ಲಾಟಿಗೆ ಒಳಗೆ ಎಂಟೇ ಪಥ ಇರುವುದುಂಟು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಸ್ಮೃತಿಯಲ್ಲಿ ಫ್ರೇಮ್‌ಗಳಿಗಾಗಿ ಕಾದಿರಿಸಿದ ಉಂಗುರದಾಕಾರದ ಸಾಲಿನಲ್ಲಿ 512 ಸ್ಥಾನಗಳಿವೆ ಎಂದಿಟ್ಟುಕೊಳ್ಳಿ. ಹಲವು ಡ್ರೈವರುಗಳಲ್ಲಿ ಹೊರಡುವಾಗ ಇರುವುದು ಅಷ್ಟೇ. ಚಿಕ್ಕ ಫ್ರೇಮ್‌ಗಳು 10 ಗಿಗಾಬಿಟ್ ವೇಗದಲ್ಲಿ ಬಂದರೆ 34 ಮೈಕ್ರೋಸೆಕೆಂಡಿನಲ್ಲಿ ಅದು ತುಂಬುತ್ತದೆ. ವಿದ್ಯುತ್ ಉಳಿಸಲು ನಿದ್ದೆಗೆ ಜಾರಿದ್ದ ಪ್ರೊಸೆಸರ್ ಕೋರ್ ಎಚ್ಚರವಾಗಲು 100 ಮೈಕ್ರೋಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ 1488 ಫ್ರೇಮ್‌ಗಳು ಬಂದು ಸಾವಿರದಷ್ಟು ಬಿದ್ದುಹೋಗಿರುತ್ತವೆ. ಉಂಗುರ ದಾಟಿದ ಮೇಲೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಕರ್ನಲ್ ದಾಟಿದ ಮೇಲೆ ಪ್ರೋಗ್ರಾಂ ಓದುವ ಸಾಕೆಟ್ಟಿನ ಬಫರು. ಲಿನಕ್ಸಿನಲ್ಲಿ ಈ ಬಫರಿನ ಸಾಮಾನ್ಯ ಮಿತಿ 2,12,992 ಬೈಟ್. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. 10 ಗಿಗಾಬಿಟ್ ಹರಿವಿಗೆ ಅದು 170 ಮೈಕ್ರೋಸೆಕೆಂಡಿನ ಸರಕು, ಕರ್ನಲ್ ತನ್ನ ಲೆಕ್ಕದ ಬೈಟ್‌ಗಳನ್ನೂ ಅದರಲ್ಲೇ ಹಿಡಿಯುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಓದುವ ಪ್ರೋಗ್ರಾಂ ಒಂದೇ ಒಂದು ಮಿಲಿಸೆಕೆಂಡ್ ಬೇರೆ ಕೆಲಸಕ್ಕೆ ಹೋದರೂ ಬಫರು ಹಲವು ಪಟ್ಟು ತುಂಬಿ ಹೊರಚೆಲ್ಲುತ್ತದೆ. ಇವುಗಳಲ್ಲಿ ಒಂದೊಂದು ತಾಣಕ್ಕೂ ತನ್ನದೇ ಕೌಂಟರ್ ಇದೆ: ಕಾರ್ಡಿನಲ್ಲಿ ತಪ್ಪಿಹೋದವು ಒಂದರಲ್ಲಿ, ಕರ್ನಲ್ಲಿನ ಸಾಲಿನಲ್ಲಿ ಬಿದ್ದವು ಇನ್ನೊಂದರಲ್ಲಿ, ಸಾಕೆಟ್ ತುಂಬಿ ಬಿದ್ದವು ಮತ್ತೊಂದರಲ್ಲಿ. ಇಥ್‌ಟೂಲ್, ಸಾಫ್ಟ್‌ನೆಟ್ ಅಂಕಿಅಂಶ, ನೆಟ್‌ಸ್ಟ್ಯಾಟ್ ಎಂದು ಬೇರೆ ಬೇರೆ ಬಾಗಿಲು ತಟ್ಟಿ ಅವನ್ನು ಓದಬೇಕು. ಪರೀಕ್ಷಾ ಪ್ರೋಗ್ರಾಂ ಕೊಡುವ ಒಂದೇ ಶೇಕಡಾವಾರು ಇವೆಲ್ಲವನ್ನೂ ಕಲಸಿ ಒಂದು ಮಾಡಿಬಿಡುತ್ತದೆ.

ಹಲವು ಕೋರ್‌ಗಳಿರುವ ಯಂತ್ರಗಳು ಇನ್ನೊಂದು ಬಗೆಯ ಭ್ರಮೆ ಹುಟ್ಟಿಸುತ್ತವೆ. ಕಾರ್ಡು ಬಂದ ಹರಿವುಗಳನ್ನು ವಿಳಾಸ ಮತ್ತು ಪೋರ್ಟುಗಳ ಆಧಾರದ ಮೇಲೆ ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತದೆ. ಪರೀಕ್ಷೆಯಲ್ಲಿ ಒಂದೇ ಹರಿವು ಇದ್ದರೆ ಅಷ್ಟೂ ಒಂದೇ ಕೋರ್‌ನ ಮೇಲೆ ಬೀಳುತ್ತದೆ. ಹದಿನಾರು ಕೋರ್‌ಗಳಲ್ಲಿ ಒಂದು ಉಸಿರುಗಟ್ಟುತ್ತಿದ್ದರೂ ಸರಾಸರಿ ಬಳಕೆ ಶೇಕಡಾ 6 ಎಂದು ತೋರುತ್ತದೆ. ನೋಡಿದವರು ಯಂತ್ರ ಆರಾಮಾಗಿದೆ, ತಪ್ಪು ಜಾಲದ್ದೇ ಎನ್ನುತ್ತಾರೆ. ಈಎಸ್‌ನೆಟ್‌ನವರೇ ಪೋಷಿಸುವ ಐಪರ್ಫ್ 3 ಎಂಬ ಬಹುಬಳಕೆಯ ಉಪಕರಣ 2023ರಲ್ಲಿ 3.16ನೇ ಆವೃತ್ತಿ ಬರುವ ತನಕ ಎಷ್ಟು ಹರಿವು ಕೇಳಿದರೂ ಒಂದೇ ಥ್ರೆಡ್ಡಿನಲ್ಲಿ ಓಡುತ್ತಿತ್ತು. ಅದರಿಂದ 100 ಗಿಗಾಬಿಟ್ ಜಾಲವನ್ನು ಅಳೆಯಹೊರಟವರು ಅಳೆದದ್ದು ಬಹುಪಾಲು ಒಂದು ಕೋರ್‌ನ ತಾಕತ್ತನ್ನು. ಸಂದೇಶದ ಗಾತ್ರದಲ್ಲೂ ಹೀಗೇ ಮೋಸವಿದೆ. 8 ಕಿಲೋಬೈಟ್‌ನ ಯುಡಿಪಿ ಸಂದೇಶ ಕಳಿಸಿದರೆ ಅದು ಆರು ತುಂಡಾಗಿ ಹೋಗುತ್ತದೆ. ಒಂದು ತುಂಡು ಕಳೆದರೂ ಇಡೀ ಸಂದೇಶ ಕಳೆದಂತೆ. ಹಾಗಾಗಿ ತಂತಿಯಲ್ಲಿ ಆದ ನಷ್ಟ ವರದಿಯಲ್ಲಿ ಆರು ಪಟ್ಟಿನವರೆಗೂ ಹಿಗ್ಗಬಹುದು. ಇನ್ನು ಟಿಸಿಪಿಡಂಪ್‌ನಲ್ಲಿ ಹಿಡಿದು ನೋಡಿ, ಈ ಪ್ಯಾಕೆಟ್ ಬಂದೇ ಇಲ್ಲ ಎಂದು ವಾದಿಸುವವರು ಅದು ಕೊನೆಯಲ್ಲಿ ಮುದ್ರಿಸುವ ಸಾಲನ್ನೂ, ಕರ್ನಲ್ ಬೀಳಿಸಿದವು ಇಷ್ಟು ಎಂಬುದನ್ನೂ, ಓದಬೇಕು. ಹಿಡಿಯುವ ಬಲೆಯೂ ಹರಿಯುತ್ತದೆ.

ಕಳಿಸುವ ಯಂತ್ರದ ಮೇಲೆ ಅನುಮಾನ ಬರುವುದು ಕಡಿಮೆ, ಬರಬೇಕು. ಸೆಕೆಂಡಿಗೆ 5 ಗಿಗಾಬಿಟ್ ಕಳಿಸು ಎಂದರೆ ತಂತ್ರಾಂಶ ಅದನ್ನು ಸಮನಾಗಿ ಹರಡಿ ಕಳಿಸುವುದಿಲ್ಲ. ಸ್ವಲ್ಪ ಹೊತ್ತು ತಂತಿಯ ಪೂರ್ಣ ವೇಗದಲ್ಲಿ ಸುರಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಸರಾಸರಿ ಕೂಡಿಸುತ್ತದೆ. ಸ್ವಿಚ್ಚಿನ ಬಫರಿಗೆ ಸರಾಸರಿ ಗೊತ್ತಿಲ್ಲ, ಆ ಕ್ಷಣದ ಸುರಿತ ಮಾತ್ರ ಗೊತ್ತು. ಎರಡು 10 ಗಿಗಾಬಿಟ್ ಪೋರ್ಟುಗಳಿಂದ ಒಂದೇ 10 ಗಿಗಾಬಿಟ್ ಪೋರ್ಟಿಗೆ ಒಟ್ಟಿಗೆ ಹರಿದರೆ ಒಂದು ಮೆಗಾಬೈಟ್ ಬಫರು 0.8 ಮಿಲಿಸೆಕೆಂಡಿನಲ್ಲಿ ಭರ್ತಿ. ಇದನ್ನು ನೋಡುವ ನಿಗಾವ್ಯವಸ್ಥೆ ಐದು ನಿಮಿಷಕ್ಕೊಮ್ಮೆ ಸರಾಸರಿ ಬರೆದುಕೊಳ್ಳುತ್ತಿದ್ದರೆ, ಒಂದು ಸೆಕೆಂಡ್ ಪೂರ್ತಿ ತುಂಬಿ ಹರಿದ ತಂತಿಯ ಬಳಕೆಯೂ ಶೇಕಡಾ 0.33 ಎಂದು ದಾಖಲಾಗುತ್ತದೆ. ತಂತಿಯ ಪೂರ್ಣ ವೇಗದಲ್ಲಿ ಪರೀಕ್ಷಿಸುವವರಿಗೆ ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಈಥರ್ನೆಟ್ ಸಾಧನದ ಗಡಿಯಾರ ಹತ್ತು ಲಕ್ಷಕ್ಕೆ ನೂರರಷ್ಟು ಆಚೀಚೆ ಓಡಲು ಮಾನದಂಡದ ಅನುಮತಿ ಇದೆ. ಕಳಿಸುವ ಗಡಿಯಾರ ಆ ಮಿತಿಯಷ್ಟು ಮುಂದೆ, ಸ್ವಿಚ್ಚಿನದು ಅಷ್ಟೇ ಹಿಂದೆ ಇದ್ದರೆ ವ್ಯತ್ಯಾಸ ಶೇಕಡಾ 0.02. ಚಿಕ್ಕ ಫ್ರೇಮ್‌ಗಳಲ್ಲಿ ಇದು ಸೆಕೆಂಡಿಗೆ ಮೂರು ಸಾವಿರದ ಹತ್ತಿರ. ಫ್ರೇಮ್‌ಗಳ ನಡುವಿನ ಅಂತರವನ್ನು ಕಿರಿದು ಮಾಡಿ ಸ್ವಿಚ್ಚು ಇದನ್ನು ಸರಿದೂಗಿಸದಿದ್ದರೆ ಬಫರು ಮೆಲ್ಲಗೆ ತುಂಬಿ ನಷ್ಟ ಕಾಣತೊಡಗುತ್ತದೆ. ಎರಡೂ ಸಾಧನ ನಿಯಮದೊಳಗೇ ಇವೆ, ನಷ್ಟವೂ ನಿಜ, ಕೆಟ್ಟದ್ದು ಯಾವುದೂ ಇಲ್ಲ.

ಹಾಗಾದರೆ ಜಾಗ ಹುಡುಕುವುದು ಹೇಗೆ? ಅಂಗಡಿಯ ಜಮಾ-ಖರ್ಚು ಬರೆಯುವವರು ಮಾಡುವುದನ್ನೇ ಮಾಡಬೇಕು: ದಾರಿಯ ಪ್ರತಿ ತಾಣದಲ್ಲಿ ಒಳಬಂದದ್ದು, ಹೊರಹೋದದ್ದು, ಅಲ್ಲೇ ಬಿದ್ದದ್ದು ಮೂರನ್ನೂ ಪರೀಕ್ಷೆಯ ಮೊದಲೂ ಆಮೇಲೂ ಬರೆದುಕೊಂಡು ತಾಳೆ ನೋಡಬೇಕು. ಎರಡು ಪಕ್ಕದ ತಾಣಗಳ ಲೆಕ್ಕ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಹುಡುಕಾಟ ಶುರು. ‘ಕೌಂಟರುಗಳನ್ನು ನೋಡಿದರೆ ಆಯಿತಲ್ಲ, ಇದಕ್ಕೆಲ್ಲ ತತ್ತ್ವ ಏಕೆ?’ ಎಂದು ಕೇಳುವವರಿದ್ದಾರೆ. ಆದರೆ ಕೌಂಟರಿನ ಮಾತನ್ನು ಒಂಟಿಯಾಗಿ ನಂಬುವಂತಿಲ್ಲ ಎಂಬುದಕ್ಕೆ ಈಎಸ್‌ನೆಟ್‌ನ ಕಾರ್ಡೇ ಪುರಾವೆ. ಅದು ಬೀಳಿಸಿದ್ದನ್ನು ಬರೆದುಕೊಳ್ಳಲೇ ಇಲ್ಲ. ಮಾತಾಡುವ ಕೌಂಟರೂ ದಾರಿ ತಪ್ಪಿಸಬಹುದು. ಕೆಲವು ಸ್ವಿಚ್ಚುಗಳು ಫ್ರೇಮ್ ಪೂರ್ತಿ ಬರುವ ಮೊದಲೇ ಅದನ್ನು ಮುಂದಕ್ಕೆ ಕಳಿಸತೊಡಗುತ್ತವೆ. ಫ್ರೇಮಿನ ಬಾಲದಲ್ಲಿರುವ ತಾಳೆಸಂಖ್ಯೆ ಸಿಆರ್‌ಸಿ ತಪ್ಪಾಗಿದೆ ಎಂದು ತಿಳಿಯುವ ಹೊತ್ತಿಗೆ ತಲೆ ಆಚೆ ಹೋಗಿರುತ್ತದೆ. ಕೆಟ್ಟ ಫ್ರೇಮ್ ಹೀಗೆ ಮುಂದೆ ಹೋಗಿ, ಅದನ್ನು ಪೂರ್ತಿ ಓದಿ ಎಸೆಯುವ ಸಾಧನದ ಪೋರ್ಟಿನಲ್ಲಿ ದೋಷ ಏರುತ್ತದೆ. ಅಲ್ಲಿಯ ಕೇಬಲ್ಲು, ಆಪ್ಟಿಕ್ಕು ಬದಲಿಸುವವರು ನಿರಪರಾಧಿಯನ್ನು ಶಿಕ್ಷಿಸುತ್ತಿರುತ್ತಾರೆ. ಒಂದು ತಾಣದ ಕೌಂಟರನ್ನು ಅದರ ನೆರೆಯ ಕೌಂಟರುಗಳ ಜತೆ ಇಟ್ಟು ಓದಿದಾಗ ಮಾತ್ರ ಅದು ಸಾಕ್ಷಿಯಾಗುತ್ತದೆ.

ಎಲ್ಲ ತಾಣಗಳ ಬಾಗಿಲೂ ನಮಗೆ ತೆರೆದಿರುವುದಿಲ್ಲ. ಬಾಡಿಗೆ ಜಾಲದಲ್ಲಿ ನಡುವಿನ ಸ್ವಿಚ್ಚುಗಳನ್ನು ನೋಡಲು ಬಿಡುವುದಿಲ್ಲ. ಆಗ ನಷ್ಟದ ಸ್ವಭಾವವನ್ನೇ ಮಾತಾಡಿಸಬೇಕು. ನನ್ನ ಮಟ್ಟಿಗೆ ಈ ಶಾಸ್ತ್ರದ ಅತ್ಯಂತ ಚೆಲುವಾದ ಭಾಗ ಇದು. ಬಿಟ್‌ಗಳ ವೇಗವನ್ನು ಹಾಗೇ ಇಟ್ಟು ಫ್ರೇಮಿನ ಗಾತ್ರವನ್ನಷ್ಟೇ ಬದಲಿಸಿ ನೋಡಿ. ಚಿಕ್ಕ ಫ್ರೇಮಿಗೆ ನಷ್ಟ ಏರಿ, ದೊಡ್ಡ ಫ್ರೇಮಿಗೆ ಮಾಯವಾದರೆ ಸೋಲುತ್ತಿರುವುದು ಪ್ಯಾಕೆಟ್‌ಗೆ ಇಷ್ಟು ಎಂದು ದುಡಿಯುವ ಯಾವುದೋ ಒಂದು: ಪ್ರೊಸೆಸರ್, ಉಂಗುರದ ಸ್ಥಾನಗಳು, ಸಾಧನದ ಹುಡುಕುವ ಕೋಷ್ಟಕ. ಗಾತ್ರ ಯಾವುದಾದರೂ ಒಂದೇ ಬಿಟ್ ವೇಗ ದಾಟಿದೊಡನೆ ನಷ್ಟ ಶುರುವಾದರೆ ಅಡ್ಡಿ ಇರುವುದು ಬಸ್ಸಿನಲ್ಲಿ ಅಥವಾ ಕಿರಿದಾದ ಒಂದು ತಂತಿಯಲ್ಲಿ. ವೇಗ ತಗ್ಗಿಸಿದರೂ ನಷ್ಟದ ಪ್ರಮಾಣ ಹಾಗೇ ಉಳಿದು, ದೊಡ್ಡ ಫ್ರೇಮಿಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ ಆಗಿದ್ದರೆ ಬಿಟ್‌ಗಳೇ ಕೆಡುತ್ತಿವೆ. ಉದ್ದದ ಫ್ರೇಮ್ ಹೆಚ್ಚು ಬಿಟ್‌ಗಳನ್ನು ಅಪಾಯಕ್ಕೆ ಒಡ್ಡುತ್ತದೆ, ಅದಕ್ಕೇ ಹೆಚ್ಚು ಸಾಯುತ್ತದೆ. ಕೊಳೆಯಾದ ಫೈಬರ್ ತುದಿಯೋ, ಸೊರಗಿದ ಲೇಸರೋ ಕಾರಣ ಇರಬಹುದು. ಕಳೆದ ಪ್ಯಾಕೆಟ್‌ಗಳ ಕ್ರಮಸಂಖ್ಯೆ ಬರೆದಿಟ್ಟಿದ್ದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಅಲ್ಲೊಂದು ಇಲ್ಲೊಂದು ಚದುರಿ ಕಳೆದರೆ ಬಿಟ್ ದೋಷದ ಗುರುತು, ನೂರಾರು ಸಾಲಾಗಿ ಕಳೆದರೆ ಬಫರು ತುಂಬಿದ ಗುರುತು, ನಿಖರವಾದ ಅವಧಿಗೊಮ್ಮೆ ಕಳೆದರೆ ಯಾವುದೋ ಯಂತ್ರ ಆ ಅವಧಿಗೊಮ್ಮೆ ಬೇರೆ ಕೆಲಸಕ್ಕೆ ಏಳುತ್ತಿದೆ. ಇಷ್ಟೆಲ್ಲ ಹೇಳಬಲ್ಲ ಸಾಕ್ಷಿಯನ್ನು ಒಂದು ಶೇಕಡಾವಾರಿಗೆ ಇಳಿಸಿ ಮಿಕ್ಕದ್ದನ್ನು ಎಸೆದುಬಿಡುವುದು ನನಗೆ ದೊಡ್ಡ ದುಂದು ಎನಿಸುತ್ತದೆ.

ಬಫರು ಚಿಕ್ಕದಾದ್ದರಿಂದ ತಾನೇ ಇಷ್ಟೆಲ್ಲ? ದೊಡ್ಡದು ಮಾಡಿದರೆ ಮುಗಿಯಿತು ಎನ್ನುವ ವಾದವೊಂದಿದೆ. ಸುರಿತ ಕ್ಷಣಿಕವಾಗಿದ್ದು ಸರಾಸರಿ ಹಗುರವಾಗಿದ್ದರೆ ಈ ಮಾತು ಸರಿ. ಉಂಗುರವನ್ನು 512ರಿಂದ 4096ಕ್ಕೆ ಏರಿಸಿದೊಡನೆ ನಷ್ಟ ನಿಂತ ಯಂತ್ರಗಳು ಬೇಕಾದಷ್ಟಿವೆ. ಆದರೆ ಬರುವ ವೇಗ ತೆಗೆಯುವ ವೇಗಕ್ಕಿಂತ ಸದಾ ಹೆಚ್ಚಾಗಿದ್ದರೆ ಬಫರು ನಷ್ಟವನ್ನು ಮುಂದೂಡುತ್ತದೆ ಅಷ್ಟೆ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಧನ ಹನ್ನೊಂದನೆಯ ಸೆಕೆಂಡಿನಲ್ಲಿ ಬೀಳಿಸತೊಡಗುತ್ತದೆ. ನಷ್ಟ ತಡೆಯಲು ಎಲ್ಲೆಡೆ ಬಫರು ಹಿಗ್ಗಿಸಿದ್ದರಿಂದ ವಿಳಂಬ ಹೇಗೆ ಬೆಳೆಯಿತು ಎಂಬುದನ್ನು ಜಿಮ್ ಗೆಟ್ಟಿಸ್ 2010ರ ಸುಮಾರಿನಿಂದ ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ತಿಳಿಯುವಂತೆ ಮಾಡಿದರು. ಆದ್ದರಿಂದ ಬಫರು ದೊಡ್ಡದು ಮಾಡುವುದನ್ನು ಮೊದಲು ರೋಗ ಗುರುತಿಸುವ ಪ್ರಯೋಗವಾಗಿ ಮಾಡಬೇಕು. ದೊಡ್ಡದು ಮಾಡಿದ ಮೇಲೆ ನಷ್ಟ ನಿಂತಿತೋ, ತಡವಾಗಿ ಬಂತೋ ಎಂಬ ವ್ಯತ್ಯಾಸದಲ್ಲೇ ಉತ್ತರ ಇದೆ. ದುಬಾರಿ ಹಾರ್ಡ್‌ವೇರ್ ಪರೀಕ್ಷಾಯಂತ್ರ ಕೊಂಡರೆ ಇಷ್ಟು ತಾಪತ್ರಯ ಇರುವುದಿಲ್ಲ ಎನ್ನುವವರ ಮಾತಿನಲ್ಲೂ ಅರ್ಧ ಸತ್ಯವಿದೆ. ಅವು ಕಳಿಸಿದೆ ಎಂದರೆ ಕಳಿಸಿರುತ್ತವೆ, ಬಂತು ಎಂದರೆ ಬಂದಿರುತ್ತದೆ. ಎರಡು ತುದಿಗಳ ಅನುಮಾನ ನೀಗುತ್ತದೆ. ನಡುವಿನದು ಹಾಗೇ ಉಳಿಯುತ್ತದೆ. ತುದಿಗಳ ಅನುಮಾನವನ್ನು ಕಡಿಮೆ ಖರ್ಚಿನಲ್ಲೂ ನೀಗಿಸಬಹುದು: 2012ರಲ್ಲಿ ಲುಯಿಜಿ ರಿಝೊ ಅವರ ನೆಟ್‌ಮ್ಯಾಪ್, ಕರ್ನಲ್ಲಿನ ಹಳೆಯ ದಾರಿಯನ್ನು ಬಳಸದೆ, 900 ಮೆಗಾಹರ್ಟ್ಸ್‌ನಲ್ಲಿ ಓಡುವ ಒಂದೇ ಕೋರ್‌ನಿಂದ ಸೆಕೆಂಡಿಗೆ 1 ಕೋಟಿ 48 ಲಕ್ಷ 80 ಸಾವಿರ ಪ್ಯಾಕೆಟ್ ಕಳಿಸಿ ತೋರಿಸಿತು. ಡಿಪಿಡಿಕೆ ಎಂಬ ತಂತ್ರಾಂಶದ ಆಧಾರದ ಮೇಲೆ ಕಟ್ಟಿದ ಟಿರೆಕ್ಸ್, ಮೂನ್‌ಜೆನ್ ಮೊದಲಾದವು ಅದೇ ದಾರಿಯವು. ಯಂತ್ರ ಯಾವುದಾದರೂ ಮೊದಲ ಕೆಲಸ ಒಂದೇ: ನಡುವೆ ಏನೂ ಇಡದೆ ಕಳಿಸುವ ಪೋರ್ಟನ್ನು ಪಡೆಯುವ ಪೋರ್ಟಿಗೆ ನೇರ ಕೇಬಲ್ಲಿನಿಂದ ಸೇರಿಸಿ, ಬೇಕಾದ ವೇಗದಲ್ಲಿ ತಾನೇ ಬೀಳಿಸುತ್ತದೆಯೋ ಎಂದು ನೋಡುವುದು. ಇದನ್ನು ಮಾಡದೆ ಬರೆದ ವರದಿಗೆ ನಾನು ಬೆಲೆ ಕೊಡುವುದಿಲ್ಲ.

ನಷ್ಟದ ಬಗ್ಗೆ ಇಷ್ಟಾಯಿತು. ನಷ್ಟ ಇಲ್ಲ ಎಂಬ ಫಲಿತಾಂಶವನ್ನೂ ಅಷ್ಟೇ ಬಿಗಿಯಾಗಿ ಪ್ರಶ್ನಿಸಬೇಕು. ಸ್ಕಾಟ್ ಬ್ರಾಡ್ನರ್ ಅವರು 1991ರ ಆರ್‌ಎಫ್‌ಸಿ 1242ರಲ್ಲಿ ಸಾಧನದ ಗರಿಷ್ಠ ವೇಗ ಎಂದರೆ ಒಂದೂ ಫ್ರೇಮ್ ಬೀಳದೆ ದಾಟುವ ವೇಗ ಎಂದು ನಿರೂಪಿಸಿದರು. 1999ರ ಆರ್‌ಎಫ್‌ಸಿ 2544 ಅದನ್ನು ಅಳೆಯುವ ಕ್ರಮ ಹೇಳಿತು: 64ರಿಂದ 1518 ಬೈಟ್‌ವರೆಗೆ ಏಳು ಗಾತ್ರ, ಒಂದೊಂದು ಸುತ್ತಿಗೆ ಕಡಿಮೆ ಎಂದರೆ 60 ಸೆಕೆಂಡ್. ಈ ಶಿಸ್ತು ಇಲ್ಲದಿದ್ದರೆ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜತೆ ಹೋಲಿಸುವುದೇ ಆಗುತ್ತಿರಲಿಲ್ಲ. ಆದರೆ 60 ಸೆಕೆಂಡಿನಲ್ಲಿ 10 ಗಿಗಾಬಿಟ್ ತಂತಿಯಲ್ಲಿ ಹೋಗುವ ದೊಡ್ಡ ಫ್ರೇಮ್‌ಗಳು 4 ಕೋಟಿ 88 ಲಕ್ಷ. ಅವುಗಳಲ್ಲಿ ಒಂದೂ ಕಳೆಯಲಿಲ್ಲ ಎಂದರೆ, ಸಂಖ್ಯಾಶಾಸ್ತ್ರದ ಪ್ರಕಾರ ಶೇಕಡಾ 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟು: ನಷ್ಟ ಸುಮಾರು 1 ಕೋಟಿ 60 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ದೂರದ ಹಳೆಯ ಟಿಸಿಪಿಗೆ ಬೇಕಾದದ್ದು 500 ಕೋಟಿಗೆ ಒಂದು. ಅದನ್ನು ಅದೇ ಭರವಸೆಯಿಂದ ಸಾರಬೇಕಾದರೆ ಒಂದೂ ಕಳೆಯದಂತೆ ಐದು ಗಂಟೆಗೂ ಮೇಲೆ ಓಡಿಸಬೇಕು. ತಂತಿಯೇ ಇನ್ನೊಂದು ಮಿತಿ ಹಾಕುತ್ತದೆ. 10 ಗಿಗಾಬಿಟ್ ಈಥರ್ನೆಟ್ ಮಾನದಂಡ ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪನ್ನು ಒಪ್ಪುತ್ತದೆ, ಎಂದರೆ 100 ಸೆಕೆಂಡಿಗೆ ಒಂದು. ಆ ಮಿತಿಯ ಅಂಚಿನಲ್ಲಿರುವ ಲಿಂಕು ನಿಯಮದ ಪ್ರಕಾರ ಸಾಧುವೇ. ಆದರೆ ಅದರಲ್ಲಿ ಆಗುವ ನಷ್ಟ ಮೇಲಿನ ಟಿಸಿಪಿ ಸಹಿಸುವುದಕ್ಕಿಂತ ಸುಮಾರು 60 ಪಟ್ಟು ಹೆಚ್ಚು. ಅದೇ ಲಿಂಕು ಒಂದು ನಿಮಿಷದ ಪರೀಕ್ಷೆಯಲ್ಲಿ ಒಂದೂ ತಪ್ಪು ತೋರದೆ ಪಾರಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ವೇಗವಾಗಿ ಸುರಿಯುವುದೊಂದೇ ದಾರಿಯೂ ಅಲ್ಲ. ಒವ್ಯಾಂಪ್ ಅನ್ನು ಒಳಗೊಂಡ ಪರ್ಫ್‌ಸೋನಾರ್ ವ್ಯವಸ್ಥೆ ಸಾಮಾನ್ಯವಾಗಿ ಸೆಕೆಂಡಿಗೆ 10 ಪ್ಯಾಕೆಟ್ ಮಾತ್ರ ಕಳಿಸುತ್ತದೆ. 22,000ಕ್ಕೆ ಒಂದು ನಷ್ಟವಿದ್ದರೆ ಅದಕ್ಕೆ 37 ನಿಮಿಷಕ್ಕೊಂದು ಸುಳಿವು ಸಿಗುತ್ತದೆ, ದಿನಕ್ಕೆ ಸುಮಾರು ಮೂವತ್ತೊಂಬತ್ತು. ನೂರು ಪಿಂಗ್ ಕಳಿಸಿ ಎಲ್ಲ ಸರಿಯಾಗಿದೆ ಎನ್ನುವವರಿಗೆ ಅದೇ ದೋಷ ಕಾಣದಿರುವ ಸಾಧ್ಯತೆ ಶೇಕಡಾ 99.5. ಆರ್‌ಎಫ್‌ಸಿ 2544ರ ಸುರಿತವನ್ನು ಜನ ಬಳಸುತ್ತಿರುವ ಜಾಲದ ಮೇಲೆ ಹರಿಯಬಿಡಬಾರದು, ಅದು ಪ್ರಯೋಗಾಲಯಕ್ಕೆ ಸೀಮಿತ ಎಂದು 2012ರ ಆರ್‌ಎಫ್‌ಸಿ 6815 ಬೇರೆಯಾಗಿಯೇ ಹೇಳಬೇಕಾಯಿತು. ಪ್ರಯೋಗಾಲಯದಲ್ಲಿ ಸುರಿತ, ಬಳಕೆಯ ಜಾಲದಲ್ಲಿ ನಿಧಾನದ ನಿರಂತರ ಎಣಿಕೆ, ಎರಡೂ ಬೇಕು.

ಇದನ್ನು ಕರ್ನಾಟಕದಲ್ಲಿ ಹೇಳುವುದಕ್ಕೆ ಕಾರಣ ಇದೆ. ಜಾಲಸಾಧನ ತಯಾರಿಸುವ ಹಲವು ಕಂಪನಿಗಳ ಅಭಿವೃದ್ಧಿ ಮತ್ತು ಪರೀಕ್ಷಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಜಗತ್ತಿನ ಬೇರೆಲ್ಲೋ ಅಳವಡಿಸುವ ಸ್ವಿಚ್ಚಿನ ತೇರ್ಗಡೆ ಪತ್ರ ಇಲ್ಲಿನ ಎಂಜಿನಿಯರರ ಕೈಯಲ್ಲಿ ತಯಾರಾಗುತ್ತದೆ. ಇನ್ನೊಂದು ಕಾರಣ ದೂರ. ಯುರೋಪಿನ ಸರ್ನ್‌ನಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬರುವ ಕಣಭೌತ ದತ್ತಾಂಶಕ್ಕೆ ಹೋಗಿಬರುವ ಕಾಲ ನೂರು ಮಿಲಿಸೆಕೆಂಡಿಗೂ ಹೆಚ್ಚು. ಭಾರತದ ಸಂಶೋಧಕರು ಈ ವಿಷಯದಲ್ಲಿ ಎಂದೆಂದಿಗೂ ದೂರದವರೇ, ಸಣ್ಣ ನಷ್ಟದ ಪೆಟ್ಟು ಹೆಚ್ಚು ತಿನ್ನುವವರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಜಾಲ ಪ್ರಯೋಗಾಲಯಗಳಲ್ಲಿ ನಷ್ಟದ ಪ್ರಯೋಗ ಎಂದರೆ ಒಂದು ಪ್ರೋಗ್ರಾಂ ಓಡಿಸಿ ಬಂದ ಶೇಕಡಾವಾರನ್ನು ರೆಕಾರ್ಡಿನಲ್ಲಿ ಬರೆಯುವುದಷ್ಟೇ ಆಗಬಾರದು. ಪರೀಕ್ಷೆಯ ಮುಂಚಿನ ಮತ್ತು ಆಮೇಲಿನ ಎಲ್ಲ ಕೌಂಟರುಗಳು, ನೇರ ಕೇಬಲ್ಲಿನ ಫಲಿತಾಂಶ, ಫ್ರೇಮಿನ ಗಾತ್ರ, ಕಳಿಸಿದ ಒಟ್ಟು ಪ್ಯಾಕೆಟ್, ಕಳೆದವುಗಳ ಕ್ರಮಸಂಖ್ಯೆ, ಕಾರ್ಡು ಕೂತ ಸ್ಲಾಟಿನ ಪಥಗಳು, ಹರಿವುಗಳ ಸಂಖ್ಯೆ, ಪಾಝ್ ಫ್ರೇಮ್ ಮೂಲಕ ಕಳಿಸುವವರನ್ನು ತಡೆದು ನಷ್ಟವನ್ನು ಮುಚ್ಚಿಡುವ ಹರಿವು ನಿಯಂತ್ರಣ ಚಾಲೂ ಇತ್ತೋ ಇಲ್ಲವೋ ಎಂಬುದು, ಇವಿಷ್ಟನ್ನು ಬರೆಯುವುದು ಮೊದಲ ಸಲದಿಂದಲೇ ರೂಢಿಯಾಗಬೇಕು. ಒಂದು ಪುಟಕ್ಕೆ ಮೀರದ ವಿವರ ಇದು. ಮುಂದೆ ಅದೇ ವಿದ್ಯಾರ್ಥಿ ಪರೀಕ್ಷಾ ಕೇಂದ್ರದಲ್ಲಿ ಕೂತು ಸಾಧನವೊಂದನ್ನು ‘ಅನುತ್ತೀರ್ಣ’ ಎಂದು ತಿರುಗಿಸಿ ಕಳಿಸುವಾಗ, ಆ ಪುಟವನ್ನು ಓದಿದ ವಿನ್ಯಾಸಕ ಅದೇ ನಷ್ಟವನ್ನು ತನ್ನ ಮೇಜಿನ ಮೇಲೆ ಮತ್ತೆ ಹುಟ್ಟಿಸಿ ನೋಡಬಲ್ಲ.